ನೋವಿಲ್ಲದ ಹುಳುಕು

ಆ ವರ್ಷ ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದೆ. ಕಾಫಿ ಅಂಗಡಿಯ ಹುಡುಗಿ ನಕ್ಕರೆ ಅವಳ ದವಡೆ, ಲಿಫ್ಟಿನಲ್ಲಿ ಯಾರಾದರೂ ಆಕಳಿಸಿದರೆ ಅವರ ಹಿಂದಿನ ಹಲ್ಲು. ಎದುರಿಗಿದ್ದವರು ತಮ್ಮ ಕಷ್ಟಸುಖ ಹೇಳಿಕೊಳ್ಳುತ್ತಿದ್ದರೆ ನಾನು ತಲೆ ವಾಲಿಸಿ ಅವರ ಮೇಲ್ದವಡೆಯನ್ನು ಪರೀಕ್ಷಿಸುತ್ತಿದ್ದೆ, ಅವರು ನನ್ನನ್ನು ಬಹಳ ಗಮನವಿಟ್ಟು ಕೇಳುವ ಹೆಂಗಸು ಎಂದುಕೊಳ್ಳುತ್ತಿದ್ದರು. ನನಗೆ ಒಂದು ಹುಳುಕು ಹಲ್ಲು ಬೇಕಿತ್ತು. ಎಂಥದೋ ಒಂದಲ್ಲ, ಲೈಸೆನ್ಸ್ ಪರೀಕ್ಷೆಯವರು ಒಪ್ಪುವಂಥದು.

ನಾನು ಹೊಸಬಳೇನಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನನ್ನದೇ ಕ್ಲಿನಿಕ್ ಇತ್ತು, ಬೋರ್ಡಿನ ಮೇಲೆ ಡಾ. ಸಂಹಿತಾ ಎಂದು ಬರೆದಿತ್ತು. ರಜತ್‌ನನ್ನು ಮದುವೆಯಾಗಿ ಸ್ಯಾನ್ ಡಿಯೇಗೊಗೆ ಬಂದ ಮೇಲೆ ಆ ಬೋರ್ಡಿಗೆ ಇಲ್ಲಿ ಕವಡೆ ಕಾಸಿನ ಬೆಲೆ ಇಲ್ಲ ಎಂದು ತಿಳಿಯಿತು. ಮತ್ತೆ ಡೆಂಟಲ್ ಸ್ಕೂಲಿಗೆ ಸೇರಬೇಕು, ಮತ್ತೆ ಎರಡು ವರ್ಷ ವಿದ್ಯಾರ್ಥಿಯಾಗಬೇಕು, ನನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಕೂತು ಹಲ್ಲಿಗೆ ಎಷ್ಟು ಬೇರು ಎಂದು ಮತ್ತೆ ಓದಬೇಕು. ಸೀಟು ಸಿಕ್ಕಿದ್ದು ಲಾಸ್ ಏಂಜಲಿಸ್‌ನಲ್ಲಿ. ಗಂಡ ಮತ್ತು ಐದು ವರ್ಷದ ಪ್ರೇರಣಾ ಸ್ಯಾನ್ ಡಿಯೇಗೊದ ಕಾರ್ಮೆಲ್ ವ್ಯಾಲಿಯ ಮನೆಯಲ್ಲಿ, ನಾನು ಸ್ಕೂಲಿನ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ. ಶುಕ್ರವಾರ ಸಂಜೆ ಮನೆಗೆ ಡ್ರೈವ್ ಮಾಡುವುದು, ಭಾನುವಾರ ಸಂಜೆ ವಾಪಸ್. ಮಗಳು ಬಾಗಿಲಲ್ಲಿ ನಿಂತು ಕೈ ಬೀಸುವಾಗ ಅಳುವುದನ್ನೂ ಬಿಟ್ಟಿದ್ದಳು.

ಕೊನೆಯ ಮೆಟ್ಟಿಲು ಈ ಪರೀಕ್ಷೆ. ಜೀವಂತ ಮನುಷ್ಯನ ಬಾಯಲ್ಲಿ, ಪರೀಕ್ಷಕರ ಎದುರು, ಒಂದು ಹುಳುಕನ್ನು ಕೊರೆದು ತುಂಬಬೇಕು. ಆ ಮನುಷ್ಯನನ್ನು ನಾವೇ ಹುಡುಕಿ ತರಬೇಕು. ಹುಳುಕು ಎರಡು ದವಡೆ ಹಲ್ಲುಗಳ ಸಂದಿಯಲ್ಲಿರಬೇಕು, ತೀರ ಸಣ್ಣದಿರಬಾರದು, ತೀರ ಆಳಕ್ಕೂ ಇಳಿದಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ ನೋವಿರಬಾರದು. ನೋವು ಎಂದರೆ ಹುಳುಕು ನರಕ್ಕೆ ತಗುಲಿದೆ ಎಂದು ಅರ್ಥ, ಅಂಥ ಹಲ್ಲನ್ನು ಪರೀಕ್ಷಕರು ವಾಪಸ್ ಕಳಿಸುತ್ತಾರೆ. ರೋಗಿ ಇಲ್ಲದಿದ್ದರೆ ನಾವು ಫೇಲು. ಆಮೇಲೆ ಚಳಿಗಾಲದವರೆಗೆ ಕಾಯಬೇಕು, ರೋಗಿ ಹುಡುಕಿಕೊಂಡು ಲಾಸ್ ಏಂಜಲಿಸ್‌ನಲ್ಲೇ ಬಿದ್ದಿರಬೇಕು. ಮನೆಯ ಹತ್ತಿರದ ಒಂದು ಕ್ಲಿನಿಕ್‌ನವರು ಜುಲೈನಿಂದ ಕೆಲಸ ಕೊಡುವುದಾಗಿ ಹೇಳಿದ್ದರು, ಅದು ಬೇರೆಯವರ ಪಾಲಾಗುತ್ತದೆ. ಅಂದರೆ ನಾನು ನನ್ನ ಮನೆಗೆ ವಾಪಸ್ ಹೋಗುವುದು ಯಾರದೋ ಬಾಯಲ್ಲಿರುವ ಸಾಸಿವೆಕಾಳಿನಷ್ಟು ಕಪ್ಪಿನ ಮೇಲೆ ನಿಂತಿತ್ತು.

ಕಾರ್ಮೆಲ್ ವ್ಯಾಲಿಯಲ್ಲಿ ಹುಳುಕು ಹುಡುಕುವುದು ಬೋಳುತಲೆಯಲ್ಲಿ ಹೇನು ಹುಡುಕಿದ ಹಾಗೆ. ಎಲ್ಲರಿಗೂ ಇನ್ಶೂರೆನ್ಸ್, ಎಲ್ಲರಿಗೂ ಆರು ತಿಂಗಳಿಗೊಮ್ಮೆ ಕ್ಲೀನಿಂಗ್. ಮಕ್ಕಳನ್ನು ಈಜಿಗೆ, ಪಿಯಾನೊಗೆ ಓಡಾಡಿಸುವ ನಡುವೆ ಹಲ್ಲಿಗೂ ಒಂದು ಹೊತ್ತು ಇಟ್ಟಿರುತ್ತಾರೆ. ಲಾಸ್ ಏಂಜಲಿಸ್‌ನಲ್ಲಿ ಓದುತ್ತಿದ್ದ ಕಾರ್ತಿಕೇಯ ಎಂಬ ಹುಡುಗನ ಬಾಯಲ್ಲಿ ಒಂದು ಸಿಕ್ಕಿತ್ತು. ನವೆಂಬರಿನಲ್ಲಿ ಅವನಿಗೆ ಕೆಲಸವಾಯಿತು, ಇನ್ಶೂರೆನ್ಸ್ ಕಾರ್ಡು ಕೈಗೆ ಬಂದ ವಾರವೇ ಹಲ್ಲು ತುಂಬಿಸಿಕೊಂಡು ನನಗೆ ಖುಷಿಯಿಂದ ಫೋಟೊ ಕಳಿಸಿದ. ಒಳ್ಳೆಯದಾಯಿತು ಎಂದು ಉತ್ತರ ಕೊಟ್ಟೆ. ಮನಸ್ಸಿನಲ್ಲಿ ಅವನ ಏಳೇಳು ಜನ್ಮಕ್ಕೂ ಶಾಪ ಹಾಕಿದೆ.

ವೀರಭದ್ರಪ್ಪನವರು ಸಿಕ್ಕಿದ್ದು ಸ್ಯಾನ್ ಡಿಯೇಗೊದ ಸಂಕ್ರಾಂತಿ ಊಟದಲ್ಲಿ. ಅವರ ಮಗ ಓಂಪ್ರಕಾಶ್ ಹಿಂದೆ ರಜತ್‌ನ ಆಫೀಸಿನಲ್ಲಿದ್ದವನು, ಈಗ ಲಾಸ್ ಏಂಜಲಿಸ್ ಹತ್ತಿರದ ಎಲ್ ಸೆಗುಂಡೋದಲ್ಲಿ ಕೆಲಸ, ರೆಡೊಂಡೊ ಬೀಚ್‌ನಲ್ಲಿ ಮನೆ. ಊರಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು ಅಲ್ಲಿಂದ ಬಂದಿದ್ದ. ಪಾರ್ಕಿನ ಹಾಲ್‌ನಲ್ಲಿ ನಮ್ಮ ಹುಡುಗರು ಪ್ಲಾಸ್ಟಿಕ್ ಕೈಗವಸು ತೊಟ್ಟು ಕಬ್ಬನ್ನು ಚಾಕುವಿನಿಂದ ತುಂಡು ಮಾಡುತ್ತಿದ್ದರೆ, ವೀರಭದ್ರಪ್ಪನವರು ಒಂದು ಜಲ್ಲೆ ಎತ್ತಿಕೊಂಡು ಹಲ್ಲಿನಿಂದಲೇ ಸಿಪ್ಪೆ ಸುಲಿದು ಅವರನ್ನು ನೋಡಿ ನಕ್ಕರು. ದೊಡ್ಡ ಬಾಯಿ, ದೊಡ್ಡ ನಗು. ಬಲಗಡೆ ಮೇಲಿನ ದವಡೆ ಹಲ್ಲಿನ ಅಂಚಿನಲ್ಲಿ ಬೂದುಬಣ್ಣದ ಒಂದು ನೆರಳು. ನಾನು ಕೈಯಲ್ಲಿದ್ದ ತಟ್ಟೆಯನ್ನು ಯಾರ ಕೈಗೋ ಕೊಟ್ಟು ಅವರ ಹತ್ತಿರ ಹೋದೆ.

ಹಾಲ್‌ನ ಹಿಂದಕ್ಕೆ ಕರೆದೊಯ್ದು ಫೋನಿನ ಬೆಳಕಿನಲ್ಲಿ ಬಾಯಿ ನೋಡಿದೆ. ಅವರು ಯಾಕೆ ಎಂದೂ ಕೇಳಲಿಲ್ಲ. ಪಕ್ಕದಲ್ಲಿ ಅವರ ಹೆಂಡತಿ ಶಂಕ್ರವ್ವ ಎಳ್ಳುಬೆಲ್ಲದ ಬಟ್ಟಲು ಹಿಡಿದು ನಿಂತಿದ್ದರು. ಇಳಕಲ್ ಸೀರೆಯ ಸೆರಗು ತುಟಿಯ ಮೇಲೆ, ಕಣ್ಣಷ್ಟೇ ಹೊರಗೆ. ಬೆಲ್ಲದ ಚೂರನ್ನು ಅಗಿಯದೆ ಕೆನ್ನೆಯಲ್ಲಿಟ್ಟುಕೊಂಡಿದ್ದರು. ನಾನು ಕೊಟ್ಟ ಕಬ್ಬನ್ನು ಹಾಗೇ ಪಕ್ಕದ ಮಗುವಿನ ಕೈಗೆ ದಾಟಿಸಿದರು. ಹೊಸ ಜನರ ನಡುವೆ ಸಂಕೋಚ ಎಂದುಕೊಂಡೆ.

"ನೋವಿದ್ಯಾ ಅಂಕಲ್?"

"ಎಲ್ಲೀ ನೋವು? ಕಬ್ಬು ಸುಲಿಯೂದು ನೋಡಲಿಲ್ಲೇನು?"

"ನೋವಿರಬಾರದು. ನೋವಿರೋ ಹಲ್ಲು ನಂಗೆ ಉಪಯೋಗ ಇಲ್ಲ," ಎಂದು ನಗುತ್ತ ಹೇಳಿದೆ. ಹೇಳಿ ಮರೆತೆ.

ಪರೀಕ್ಷೆಯ ವಿಷಯ ವಿವರಿಸಿದೆ. ಪರೀಕ್ಷೆಯ ಹಲ್ಲಿಗೆ ಖರ್ಚಿಲ್ಲ, ಉಳಿದ ಕೆಲಸವನ್ನು ಸ್ಕೂಲಿನ ಕ್ಲಿನಿಕ್‌ನಲ್ಲಿ ಸೋವಿಯಾಗಿ ಮಾಡಿಸಬಹುದು ಎಂದೆ. ಓಂಪ್ರಕಾಶ್‌ಗೆ ಸಮಾಧಾನವಾಯಿತು. ಅಪ್ಪ ಅಮ್ಮನಿಗೆ ಕೊಡಿಸಿದ್ದ ವಿಸಿಟರ್ ಇನ್ಶೂರೆನ್ಸು ಹಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಇಲ್ಲಿನ ಡೆಂಟಿಸ್ಟ್ ಹತ್ತಿರ ಹೋಗುವ ಬದಲು ವಿಮಾನ ಹತ್ತಿ ಗದಗಿಗೇ ಹೋಗಿ ಬರುವುದು ವಾಸಿ ಎಂದು ಅವನು ಮನೆಯಲ್ಲಿ ತಮಾಷೆ ಮಾಡುತ್ತಿದ್ದನಂತೆ. ಇಂಥ ತಮಾಷೆಯನ್ನು ಹಿರಿಯರು ತಮಾಷೆ ಎಂದು ತೆಗೆದುಕೊಳ್ಳುವುದಿಲ್ಲ ಎಂದು ನಮ್ಮ ವಯಸ್ಸಿನವರಿಗೆ ತಿಳಿಯುವುದೇ ಇಲ್ಲ.

ತೊಡಕು ಒಂದೇ. ಅವರ ವಾಪಸ್ ಟಿಕೆಟ್ ಮಾರ್ಚಿಗಿತ್ತು, ಪರೀಕ್ಷೆ ಏಪ್ರಿಲ್‌ನಲ್ಲಿ. ನಾನು ಬಾಯಿ ಬಿಡುವ ಮೊದಲೇ ವೀರಭದ್ರಪ್ಪನವರು ಮಗನಿಗೆ ಟಿಕೆಟ್ ಮುಂದೂಡಲು ಹೇಳಿದರು. ಅವರು ಗದಗ ಬಸ್ ಸ್ಟ್ಯಾಂಡಿನಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿ ರಿಟೈರ್ ಆದವರು. ಜೀವನವಿಡೀ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಡಿಸಿದ ಮನುಷ್ಯ. "ನಿನ್ನ ಗಾಡಿ ನಾ ತಪ್ಪಸೂದಿಲ್ಲ, ಡಾಕ್ಟರವ್ವಾ. ಮಾತು ಕೊಟ್ಟೀನಿ," ಎಂದರು.

ನಮ್ಮ ಕ್ಲಿನಿಕ್ಕಿಗೆ ಬರುವವರೆಲ್ಲ ಹೊತ್ತು ಕೊಟ್ಟು ದುಡ್ಡು ಉಳಿಸುವವರು. ಟ್ಯಾಕ್ಸಿ ಓಡಿಸುವವರು, ಆಫೀಸು ಗುಡಿಸುವವರು, ಪಿಎಚ್‌ಡಿ ಮಾಡುತ್ತ ಹಲ್ಲು ಕಳೆದುಕೊಂಡವರು. ಹೊರಗೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಅರ್ಧ ದಿನ. ನಾವು ಕೊರೆದರೆ ಪ್ರೊಫೆಸರ್ ಬಂದು ನೋಡಬೇಕು, ಅವರು ಸಹಿ ಹಾಕಿದ ಮೇಲೆ ಮುಂದಿನ ಹೆಜ್ಜೆ, ಮತ್ತೆ ಅವರು, ಮತ್ತೆ ಸಹಿ. ಪ್ರೊಫೆಸರ್ ಇನ್ನೊಂದು ಕುರ್ಚಿಯ ಹತ್ತಿರ ಇದ್ದರೆ ರೋಗಿ ಬಾಯಿ ತೆರೆದುಕೊಂಡು ಸೀಲಿಂಗ್ ನೋಡುತ್ತಿರಬೇಕು. ಬೇರೆಯವರು ಗೊಣಗುತ್ತಿದ್ದರು. ವೀರಭದ್ರಪ್ಪನವರಿಗೆ ಮಾತ್ರ ಈ ಪದ್ಧತಿ ಬಹಳ ಹಿಡಿಸಿತು. ಪ್ರತಿ ಗಾಡಿಗೂ ಕಂಟ್ರೋಲರ್ ಸಹಿ ಬಿದ್ದ ಮೇಲೇ ಸೀಟಿ ಊದಬೇಕು, ಇಲ್ಲಿಯವರು ತಿಳಿದವರು ಎಂದರು. ಶಂಕ್ರವ್ವ ಪ್ರತಿ ಸಲವೂ ಜೊತೆಗೆ ಬರುತ್ತಿದ್ದರು. ಕಾಯುವ ಕೋಣೆಯಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಸೆರಗು ತುಟಿಗೆ ಹಿಡಿದು, ಅರ್ಧ ದಿನ ಅಲ್ಲಾಡದೆ ಕೂರುತ್ತಿದ್ದರು. ಕೌಂಟರಿನವಳು ಒಮ್ಮೆ ನೀವೂ ತೋರಿಸಬೇಕೇ ಎಂದು ಸನ್ನೆಯಲ್ಲಿ ಕೇಳಿದಾಗ ಬೇಡವೆಂದು ತಲೆ ಅಲ್ಲಾಡಿಸಿದರಂತೆ.

ಎಕ್ಸ್‌ರೇ ಪರದೆಯ ಮೇಲೆ ಬಂದಾಗ ನನಗೆ ಕುಣಿಯಬೇಕು ಎನಿಸಿತು. ಅಷ್ಟು ಚೆಂದದ ಹುಳುಕನ್ನು ನಾನು ನೋಡಿರಲಿಲ್ಲ. ಆಳವೂ ಸರಿ, ಅಗಲವೂ ಸರಿ, ನರಕ್ಕೂ ಅದಕ್ಕೂ ನಡುವೆ ಬೇಕಾದಷ್ಟೇ ಅಂತರ. ಪ್ರೊಫೆಸರ್ ನೋಡಿ "ಬ್ಯೂಟಿಫುಲ್" ಎಂದರು. ವೀರಭದ್ರಪ್ಪನವರು ಅದೇನೆಂದು ಕೇಳಿದರು, ಹೇಳಿದೆ. ತಮ್ಮ ಹುಳುಕು ದೊಡ್ಡ ಡಾಕ್ಟರರ ಕೈಯಲ್ಲಿ ಪಾಸಾಯಿತು ಎಂದು ಹೊರಗೆ ಹೋಗಿ ಹೆಂಡತಿಗೆ ತಿಳಿಸಿದರು. ಒಬ್ಬ ಮನುಷ್ಯನ ಹಲ್ಲು ಕೊಳೆತಿದ್ದಕ್ಕೆ ಮೂರು ಜನ ಸಂತೋಷಪಟ್ಟೆವು.

ಆಮೇಲೆ ಶುರುವಾಯಿತು ನನ್ನ ಕಾವಲು. ಆ ಹುಳುಕು ಇದ್ದ ಹಾಗೇ ಇರಬೇಕು, ಬೆಳೆಯಬಾರದು, ಯಾರೂ ಮುಟ್ಟಬಾರದು. ಕಬ್ಬು ಬೇಡ, ಸಿಹಿ ಬೇಡ, ಎರಡು ಹೊತ್ತು ಬ್ರಷ್ ಮಾಡಿ ಎಂದು ಹೇಳಿದೆ. ಊರಿಗೆ ಫೋನ್ ಮಾಡಿ ಅಮ್ಮನನ್ನು ವಿಚಾರಿಸಿದ್ದಕ್ಕಿಂತ ಹೆಚ್ಚು ಸಲ ರೆಡೊಂಡೊ ಬೀಚ್‌ಗೆ ಫೋನ್ ಮಾಡಿ ಒಂದು ಹಲ್ಲನ್ನು ವಿಚಾರಿಸಿಕೊಂಡೆ. ಶುಕ್ರವಾರದ ಟ್ರಾಫಿಕ್ಕಿನಲ್ಲಿ ಮುಂದಿನ ಕಾರಿನ ಕೆಂಪು ದೀಪ ನೋಡುತ್ತ ಫೋನ್ ಹಚ್ಚುತ್ತಿದ್ದೆ. ಆರೋಗ್ಯ ಹೇಗಿದೆ, ಆಂಟಿ ಹೇಗಿದ್ದಾರೆ ಎಂದು ಎರಡು ಮಾತು ಮೊದಲಿಗೆ ಸೇರಿಸುತ್ತಿದ್ದೆ, ನಾಚಿಕೆಗೆಂದು. ಆಮೇಲೆ, ನೋವಿಲ್ಲ ತಾನೆ ಅಂಕಲ್? ಏನೂ ಇಲ್ಲವ್ವಾ ಎನ್ನುತ್ತಿದ್ದರು. ಯಾವ ಸಲ ಕೇಳಿದರೂ ಅದೇ ಗಟ್ಟಿ ದನಿ, ಅದೇ ಉತ್ತರ. ಫೋನಿಟ್ಟ ಮೇಲೂ ನನಗೆ ನೆಮ್ಮದಿ ಇರುತ್ತಿರಲಿಲ್ಲ. ಯಾರಾದರೂ ಅವರಿಗೆ ಜಾಮೂನು ಕೊಟ್ಟುಬಿಟ್ಟರೆ? ಬೀಚಿನಲ್ಲಿ ನಡೆಯುವಾಗ ಬಿದ್ದು ಹಲ್ಲೇ ಮುರಿದುಕೊಂಡರೆ? ಮನೆಗೆ ಹೋದರೆ ನಾನು ಶೂ ಬಿಚ್ಚುವ ಮೊದಲೇ ಮಗಳು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು, ನಿನ್ನ ಹಲ್ಲು ಚೆನ್ನಾಗಿದೆಯಾ ಅಮ್ಮ, ಎಂದು. ಇಡೀ ಮನೆಗೆ ಅದು ನನ್ನ ಹಲ್ಲಾಗಿಬಿಟ್ಟಿತ್ತು.

ಯುಗಾದಿಯ ದಿನ ಓಂಪ್ರಕಾಶ್ ಫೋನ್ ಮಾಡಿ, ಅಮ್ಮ ಹೋಳಿಗೆ ಮಾಡಿದ್ದಾಳೆ, ಅಪ್ಪ ಮುಟ್ಟುತ್ತಿಲ್ಲ, ನೀವು ಹಲ್ಲಿಗೆ ಒಳ್ಳೇ ಕಾವಲು ಹಾಕಿದ್ದೀರಿ ಎಂದು ನಕ್ಕ. ನನಗೆ ಹೆಮ್ಮೆಯಾಯಿತು. ಎಂಥ ಮನುಷ್ಯ, ಕೊಟ್ಟ ಮಾತಿಗಾಗಿ ಹಬ್ಬದ ಹೋಳಿಗೆಯನ್ನೂ ಬಿಟ್ಟರಲ್ಲ ಎಂದು ರಜತ್‌ನ ಎದುರು ಹೊಗಳಿದೆ. ಡೆಂಟಿಸ್ಟ್ ಆದ ನನಗೆ ಆಗ ಬೇರೊಂದು ಯೋಚನೆ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಅದು ನನಗೆ ಬೇಡವಾದ ಯೋಚನೆ.

ಪರೀಕ್ಷೆ ಶನಿವಾರ, ಅವರ ವಿಮಾನ ಮುಂದಿನ ಬುಧವಾರ. ಆ ಬೆಳಿಗ್ಗೆ ನಾನು ಸ್ಕೂಲಿನ ಬಾಗಿಲಿಗೆ ಬರುವಷ್ಟರಲ್ಲಿ ವೀರಭದ್ರಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಲಿಶ್ ಮಾಡಿದ ಕಪ್ಪು ಬೂಟು ತೊಟ್ಟು ಮೆಟ್ಟಿಲ ಹತ್ತಿರ ನಿಂತಿದ್ದರು. ಶಂಕ್ರವ್ವ ಎಂದಿನಂತೆ ಚೀಲ ಹಿಡಿದು ಹಿಂದೆ. ಪರೀಕ್ಷೆಯ ಕ್ರಮವನ್ನು ಅವರಿಗೆ ಮೊದಲೇ ಹೇಳಿಕೊಟ್ಟಿದ್ದೆ. ಪರೀಕ್ಷಕರು ಪರದೆಯಾಚೆ ಬೇರೆ ಕಡೆ ಕೂತಿರುತ್ತಾರೆ, ಯಾವ ರೋಗಿ ಯಾರವನು ಎಂದು ಅವರಿಗೆ ತಿಳಿಯಬಾರದು. ಆದ್ದರಿಂದ ರೋಗಿಯೊಬ್ಬನನ್ನೇ ಕರೆದೊಯ್ಯುತ್ತಾರೆ, ನಾನು ಹೋಗುವ ಹಾಗಿಲ್ಲ, ಅವರ ಪರವಾಗಿ ಮಾತಾಡುವ ಹಾಗಿಲ್ಲ. ಅದಕ್ಕೆಂದು ಎರಡು ಪದ ಕಲಿಸಿದ್ದೆ: ನೋ ಪೇನ್. ಅವರು ಅದನ್ನು ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸಿನ ಹೆಸರು ಕೂಗುವ ಧಾಟಿಯಲ್ಲಿ ಅಭ್ಯಾಸ ಮಾಡಿದ್ದರು.

ಕುರ್ಚಿಯಲ್ಲಿ ಮಲಗಿಸಿ, ಅಂಗಿ ಒದ್ದೆಯಾಗದಂತೆ ಕೊರಳಿಗೆ ಬಿಬ್ ಕಟ್ಟಿ, ದೀಪ ತಿರುಗಿಸಿದೆ. ಅವರು ಬಾಯಿ ತೆರೆದರು. ಲವಂಗದ ವಾಸನೆ ಬಂತು.

ನನ್ನ ಕೈ ಅಲ್ಲೇ ನಿಂತಿತು. ಲವಂಗದ ಎಣ್ಣೆ ಇರುವ ಕಡೆ ನಾವು ತುಂಬುವ ಬಿಳಿ ಮದ್ದು ಸರಿಯಾಗಿ ಗಟ್ಟಿಯಾಗುವುದಿಲ್ಲ, ಅದೊಂದು ಮಾತು. ಅದಕ್ಕಿಂತ ದೊಡ್ಡ ಮಾತು ಇನ್ನೊಂದು. ಬೆಳಿಗ್ಗೆ ಬೆಳಿಗ್ಗೆ ಬಾಯಲ್ಲಿ ಲವಂಗ ಇಟ್ಟುಕೊಳ್ಳುವವರು ಯಾರು?

"ಅಂಕಲ್, ಲವಂಗ ಯಾಕೆ ಹಾಕ್ಕೊಂಡ್ರಿ?"

"ದೊಡ್ಡ ದೊಡ್ಡ ಡಾಕ್ಟರು ನೋಡ್ತಾರಲ್ಲವಾ. ಬಾಯಿ ವಾಸನಿ ಬರಬಾರದಂತ."

"ನೋವಿದ್ಯಾ?"

"ನೋ ಪೇನ್," ಎಂದರು, ಮೈಕಿನ ದನಿಯಲ್ಲಿ.

ನಂಬಬೇಕು ಎನಿಸಿತು. ದೇವರಾಣೆ, ನಂಬಬೇಕು ಎನಿಸಿತು. ಬಾಯಿ ವಾಸನೆಗೆ ಲವಂಗ ಅಗಿಯುವುದು ನಮ್ಮಲ್ಲಿ ಇದ್ದದ್ದೇ, ಇದರಲ್ಲೇನಿದೆ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಮೌತ್‌ವಾಶ್ ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದೆ. ಮತ್ತೆ ಮುಕ್ಕಳಿಸಿ ಎಂದೆ. ಪಕ್ಕದ ಕುರ್ಚಿಗಳಿಂದ ಒಬ್ಬೊಬ್ಬರೇ ರೋಗಿಗಳು ಬಿಬ್ ಸಮೇತ ಎದ್ದು ಪರದೆಯ ಕಡೆ ಹೋಗುತ್ತಿದ್ದರು. ಗೋಡೆಯ ಗಡಿಯಾರ ನನ್ನನ್ನು ಅಣಕಿಸುತ್ತಿತ್ತು. ಅವರ ಬಿಬ್‌ಗೆ ಅಂಟಿಸುವ ನನ್ನ ನಂಬರಿನ ಚೀಟಿಯನ್ನು ಕೈಯಲ್ಲಿ ತೆಗೆದುಕೊಂಡೆ. ವಾಸನೆ ಹೋಗಿರಲಿಲ್ಲ.

ಚೀಟಿಯನ್ನು ಕೆಳಗಿಟ್ಟು ಹತ್ತಿಯ ಸಣ್ಣ ಉಂಡೆಯನ್ನು ಮಂಜಿನಷ್ಟು ತಣ್ಣಗೆ ಮಾಡಿದೆ. ಇದು ಹಲ್ಲಿನ ನರವನ್ನು ಮಾತಾಡಿಸುವ ಪದ್ಧತಿ. ಒಳ್ಳೆಯ ಹಲ್ಲಿಗೆ ತಣ್ಣಗಾಗುತ್ತದೆ, ಹತ್ತಿ ತೆಗೆದ ಕೂಡಲೆ ಹೋಗುತ್ತದೆ. ಕೆಟ್ಟ ಹಲ್ಲಿಗೆ ಹತ್ತಿ ತೆಗೆದ ಮೇಲೂ ನೋವು ನಿಲ್ಲುವುದಿಲ್ಲ. ತಣ್ಣಗಾದರೆ ಕೈ ಎತ್ತಿ, ಹೋದ ಮೇಲೆ ಇಳಿಸಿ ಎಂದು ಹೇಳಿದೆ. ಪಕ್ಕದ ಹಲ್ಲಿಗೆ ಮುಟ್ಟಿಸಿದೆ. ಕೈ ಎತ್ತಿದರು, ಇಳಿಸಿದರು. ಆಮೇಲೆ ನಮ್ಮ ಹಲ್ಲಿಗೆ ಮುಟ್ಟಿಸಿದೆ.

ಕೈ ಏಳಲಿಲ್ಲ. ಕುರ್ಚಿಯ ತೋಳಿನ ಮೇಲೆ ಸುಮ್ಮನೆ ಬಿದ್ದಿತ್ತು. ಮುಖದಲ್ಲಿ ನಗುವೂ ಇತ್ತು. ಆದರೆ ಆ ತುದಿಯಲ್ಲಿ ಅವರ ಎರಡು ಕಾಲುಗಳೂ ಕುರ್ಚಿಯಿಂದ ಮೇಲೆದ್ದಿದ್ದವು. ಪಾಲಿಶ್ ಮಾಡಿದ ಬೂಟುಗಳು ಒಂದರ ಮೇಲೊಂದು ಹೆಣೆದುಕೊಂಡು ಗಡಗಡ ನಡುಗುತ್ತಿದ್ದವು. ಹತ್ತಿ ತೆಗೆದೆ. ಕಾಲುಗಳು ಇಳಿಯಲಿಲ್ಲ. ಕಣ್ಣಿನ ಮೂಲೆಯಿಂದ ನೀರಿಳಿದು ಕಿವಿಯ ಕಡೆ ಹೋಯಿತು. ಕೈ ಮಾತ್ರ ಹಾಗೇ ಇತ್ತು.

ನನಗೆ ಕರುಣೆ ಬರಲಿಲ್ಲ, ಸಿಟ್ಟು ಬಂತು. ವಾರಗಟ್ಟಲೆ ಫೋನಿನಲ್ಲಿ ಸುಳ್ಳು ಹೇಳಿದ್ದಾರೆ ಎಂದು ಸಿಟ್ಟು. ಇಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾರಲ್ಲ ಎಂದು ಅದಕ್ಕಿಂತ ಹೆಚ್ಚು ಸಿಟ್ಟು, ಏಕೆಂದರೆ ಪರೀಕ್ಷಕರ ಎದುರೂ ಹೀಗೇ ಕೂತರೆ ಅವರು ನಂಬಿದರೂ ನಂಬಬಹುದು. ನಾನು ಇಂಜೆಕ್ಷನ್ ಕೊಟ್ಟು ಕೊರೆಯುತ್ತೇನೆ, ಇವರಿಗೆ ಏನೂ ತಿಳಿಯುವುದಿಲ್ಲ. ತುಂಬುತ್ತೇನೆ, ಪಾಸಾಗುತ್ತೇನೆ, ಜುಲೈನಲ್ಲಿ ಮನೆಗೆ ಹೋಗುತ್ತೇನೆ. ಮುಚ್ಚಿದ ಹಲ್ಲಿನೊಳಗೆ ನರ ಬಾತುಕೊಳ್ಳುತ್ತದೆ, ಬಾತುಕೊಂಡಿದ್ದಕ್ಕೆ ಹೊರಗೆ ದಾರಿ ಇರುವುದಿಲ್ಲ. ಬುಧವಾರ ಈ ಮನುಷ್ಯ ಸಮುದ್ರದ ಮೇಲೆ, ಸೀಟಿಗೆ ಬೆಲ್ಟ್ ಕಟ್ಟಿಕೊಂಡು, ಕಾಲು ಹೆಣೆದುಕೊಂಡು ಕೂತಿರುತ್ತಾರೆ. ಆ ನೋವಿನಲ್ಲಿ ಗೋಡೆಗೆ ತಲೆ ಚಚ್ಚಿಕೊಂಡವರನ್ನು ನಾನು ಚಾಮರಾಜಪೇಟೆಯಲ್ಲಿ ನೋಡಿದ್ದೆ.

ಪ್ರೇರಣಾ ಬಾಗಿಲಲ್ಲಿ ಕೈ ಬೀಸುತ್ತಿರುವುದೂ ಕಣ್ಣ ಮುಂದೆ ಬಂತು. ಚೀಟಿ ಇನ್ನೂ ಟ್ರೇ ಮೇಲಿತ್ತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಆಮೇಲೆ ಬಿಬ್‌ನ ಕ್ಲಿಪ್ಪು ಬಿಚ್ಚಿದೆ.

"ಯಾಕವಾ?"

"ಈ ಹಲ್ಲು ಪರೀಕ್ಷೆಗೆ ಆಗಲ್ಲ ಅಂಕಲ್. ಏಳಿ."

ಅವರು ಕುರ್ಚಿಯ ತೋಳುಗಳನ್ನು ಹಿಡಿದುಕೊಂಡರು. "ನಾ ತಡೀತೀನಿ. ನನ್ನ ಬಾಯಿ, ನನ್ನ ಹಲ್ಲು. ಮಾತು ಕೊಟ್ಟೀನಿ ನಾ."

"ಏಳಿ ಅಂಕಲ್."

"ಗಾಡಿ ಬಿಡೂ ಹೊತ್ತಿನ್ಯಾಗ ಇಳಸ್ತೀಯಲ್ಲ ನನ್ನ," ಎಂದು ಎದ್ದರು. ಅಂಗಿ ಸರಿಮಾಡಿಕೊಂಡು, ನನ್ನ ಕಡೆ ನೋಡದೆ ಹೊರಗೆ ಹೋದರು. ಗದಗ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಅವರನ್ನು ಹೀಗೆ ಅವಮಾನ ಮಾಡಿರಲಾರರು.

ಮೇಲ್ವಿಚಾರಕಿಗೆ ನನ್ನ ಹತ್ತಿರ ರೋಗಿ ಇಲ್ಲ ಎಂದು ಹೇಳಿದೆ. ಆಕೆ ನನ್ನ ನಂಬರಿನ ಮುಂದೆ ಒಂದು ಗೆರೆ ಎಳೆದಳು, ಅಷ್ಟೇ. ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ರಜತ್‌ಗೆ ಫೋನ್ ಮಾಡಿದೆ. ಅವನು, ಬೇರೆ ಯಾರೂ ಸಿಗಲ್ವಾ ಎಂದ. ಎರಡು ವರ್ಷದ ಸಿಟ್ಟನ್ನೆಲ್ಲ ಅವನ ಮೇಲೆ ಸುರಿದು ಫೋನಿಟ್ಟು ಅತ್ತೆ.

ಸೋಮವಾರ ಬೆಳಿಗ್ಗೆ ಓಂಪ್ರಕಾಶ್ ಅಪ್ಪ ಅಮ್ಮನನ್ನು ಸ್ಕೂಲಿನಲ್ಲಿ ಇಳಿಸಿ ಆಫೀಸಿಗೆ ಹೋದ. ಶನಿವಾರವೇ ಪ್ರೊಫೆಸರರನ್ನು ಕಾಡಿ ಬೇಡಿ ತುರ್ತು ವಿಭಾಗದಲ್ಲಿ ಪಾಳಿ ಹಿಡಿದಿದ್ದೆ. ಪ್ರೊಫೆಸರ್ ತಾವೇ ಹಲ್ಲು ತೆರೆದು ಕೊಳೆತ ನರ ತೆಗೆದರು, ನಾನು ಪಕ್ಕದಲ್ಲಿ ನಿಂತು ಸಲಕರಣೆ ಕೊಟ್ಟೆ. ಉಳಿದದ್ದನ್ನು ಗದಗಿನಲ್ಲಿ ಮುಗಿಸಬಹುದು, ಎಕ್ಸ್‌ರೇ ಕೊಟ್ಟು ಕಳಿಸುತ್ತೇವೆ ಎಂದರು. ಇಂಜೆಕ್ಷನ್ ಹತ್ತಿದ ಸ್ವಲ್ಪ ಹೊತ್ತಿಗೆ ವೀರಭದ್ರಪ್ಪನವರು ಬಾಯಿ ತೆರೆದುಕೊಂಡೇ ಗೊರಕೆ ಹೊಡೆಯತೊಡಗಿದರು. ಕೊರೆಯುವ ಸದ್ದಿಗೂ ಎಚ್ಚರವಾಗಲಿಲ್ಲ. ಎಷ್ಟು ದಿನದ ನಿದ್ದೆಯೋ ಏನೋ. ಹೋಳಿಗೆ ಯಾಕೆ ಮುಟ್ಟಲಿಲ್ಲ ಎಂದು ನನಗೆ ಆಗ ಸರಿಯಾಗಿ ಅರ್ಥವಾಯಿತು. ಸಿಹಿ ತಗುಲಿದರೆ ಜೀವ ಹೋಗುತ್ತಿತ್ತು.

ಎದ್ದ ಮೇಲೂ ಅವರು ನನ್ನೊಡನೆ ಮಾತಾಡಲಿಲ್ಲ. ಅರ್ಧ ಮರಗಟ್ಟಿದ ತುಟಿಯನ್ನು ಕೈಯಿಂದ ಒತ್ತಿ ನೋಡಿಕೊಂಡರು, ಬೂಟು ಸರಿಮಾಡಿಕೊಂಡರು. ನಾನು ಟ್ರೇ ಒರೆಸುತ್ತ ನಿಂತಿದ್ದೆ. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ನಿನ್ನ ಪರೀಕ್ಷಿ ಮುಂದ ಯಾವಾಗ?"

"ಚಳಿಗಾಲದಲ್ಲಿ."

"ನಮ್ಮ ಕಡೆ ದಾರ್ಯಾಗ ಗಾಡಿ ಕೆಟ್ರ ಮಂದಿಗೆ ಹೊಸಾ ಟಿಕೆಟ್ ತಗಸೂದಿಲ್ಲ," ಎಂದರು. ತುಟಿ ಸೊಟ್ಟಗಾಗಿ ಮಾತು ತೊದಲುತ್ತಿತ್ತು. "ಅದ ಟಿಕೆಟ್ ಮ್ಯಾಲೆ ಹಿಂದ ಬರೂ ಗಾಡಿಗೆ ಹತ್ತಸ್ತೀವಿ. ಕೆಟ್ಟಿದ್ದು ನನ್ನ ಗಾಡಿ, ಡಾಕ್ಟರವ್ವಾ. ನಿನ್ನ ಟಿಕೆಟ್ ಹಂಗ ಐತಿ."

ನಾನು ಒರೆಸಿದ ಟ್ರೇಯನ್ನು ಕೆಳಗಿಟ್ಟೆ. ಇಬ್ಬರೂ ಕಾಯುವ ಕೋಣೆಗೆ ಬಂದೆವು. ಶಂಕ್ರವ್ವ ಅದೇ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದರು. ಇವತ್ತು ಸಂಜೆಯವರೆಗೆ ಬಿಸಿ ಕುಡಿಸಬೇಡಿ, ಆ ಕಡೆ ಅಗಿಯಲು ಬಿಡಬೇಡಿ, ಇನ್ನು ಲವಂಗದ ಎಣ್ಣೆ ಹಚ್ಚಬೇಡಿ ಎಂದು ಅವರಿಗೆ ಹೇಳಿದೆ. ಅಂದ ಹಾಗೆ ಆ ಎಣ್ಣೆ ಇಲ್ಲಿ ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಶಂಕ್ರವ್ವ ಚೀಲದೊಳಗೆ ಕೈ ಹಾಕಿ ಒಂದು ಸಣ್ಣ ಬಾಟಲಿ ತೋರಿಸಿದರು. ಮುಚ್ಚಳಕ್ಕೆ ಎಣ್ಣೆ ಜಿಡ್ಡು ಹಿಡಿದಿತ್ತು, ಹೊರಗಿನ ಚೀಟಿ ಬೆರಳು ತಾಗಿ ತಾಗಿ ಅಳಿಸಿಹೋಗಿತ್ತು, ತಳದಲ್ಲಿ ಒಂದೆರಡು ಹನಿ ಉಳಿದಿತ್ತು. ಬರುವಾಗ ಗದಗಿನಿಂದಲೇ ತಂದದ್ದು ಎಂದರು.

ನನಗೆ ಬಾಟಲಿಯ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ. ಇವರು ಬಂದದ್ದು ದಸರೆ ಮುಗಿದ ಮೇಲೆ. ಸಂಕ್ರಾಂತಿಯಲ್ಲೂ ವೀರಭದ್ರಪ್ಪನವರು ಕಬ್ಬು ಸುಲಿಯುವಷ್ಟು ಗಟ್ಟಿಯಾಗಿದ್ದರು. ಅವರಿಗೆ ನೋವು ಬಂದದ್ದು ಯುಗಾದಿಯ ಹೊತ್ತಿಗೆ.

"ಆಂಟಿ, ಇದನ್ನ ಯಾರಿಗೆ ಅಂತ ತಂದಿದ್ರಿ?"

ಶಂಕ್ರವ್ವ ಸೆರಗನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡರು. ವೀರಭದ್ರಪ್ಪನವರೂ ಹೆಂಡತಿಯ ಮುಖ ನೋಡಿದರು. ಅವರಿಗೂ ಗೊತ್ತಿರಲಿಲ್ಲ ಎಂದು ಆ ನೋಟದಲ್ಲೇ ತಿಳಿಯಿತು. ಅಗಿಯದೆ ಕೆನ್ನೆಯಲ್ಲಿ ಕರಗಿದ ಬೆಲ್ಲ, ಮಗುವಿನ ಕೈಗೆ ದಾಟಿಸಿದ ಕಬ್ಬು, ಅರ್ಧ ದಿನದ ಮೌನ, ಎಲ್ಲ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದು ನಿಂತವು. ಇಡೀ ಕ್ಯಾಲಿಫೋರ್ನಿಯಾದ ಬಾಯಿಗಳನ್ನು ಇಣುಕಿ ನೋಡಿದವಳು ನಾನು.

"ನಂದು ನೋಯ್ತೈತೆವಾ," ಎಂದರು ಶಂಕ್ರವ್ವ, ತಪ್ಪು ಮಾಡಿದವರ ದನಿಯಲ್ಲಿ. "ನೋಯೂ ಹಲ್ಲು ನಿನಗ ಉಪಯೋಗಿಲ್ಲ ಅಂದಿದ್ಯಲ್ಲ ಅವತ್ತು. ಅದಕ್ಕ ಹೇಳಲಿಲ್ಲ."

ಕೌಂಟರಿನವಳು ಇವತ್ತಿನ ಪಾಳಿ ಮುಗಿದಿದೆ, ನಾಳೆ ಬನ್ನಿ ಎಂದು ಏನೋ ಹೇಳುತ್ತಿದ್ದಳು. ನಾನು ಶಂಕ್ರವ್ವನ ಮಡಿಲಿನ ಚೀಲವನ್ನು ತೆಗೆದು ಅವರ ಗಂಡನ ಕೈಗೆ ಕೊಟ್ಟೆ. ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಕೈ ತಣ್ಣಗಿತ್ತು. ಪ್ರೊಫೆಸರ್ ಊಟಕ್ಕೆ ಹೊರಟಿದ್ದವರು ನನ್ನ ಮುಖ ನೋಡಿ ನಿಂತರು, ಮತ್ತೆ ಕೈಗವಸು ತೊಡತೊಡಗಿದರು.

ಕುರ್ಚಿಯಲ್ಲಿ ಕೂತ ಮೇಲೂ ಶಂಕ್ರವ್ವ ಸೆರಗು ಬಿಡಲಿಲ್ಲ. ನಾನು ಸ್ಟೂಲ್ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತು ಕಾದೆ. ಅವರು ದೀಪವನ್ನು ನೋಡಿದರು, ಟ್ರೇಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇದರಿಂದ ನಿನಗೇನರೆ ಉಪಯೋಗ ಆಗ್ತೈತೇನವಾ?"

"ಏನೂ ಆಗಲ್ಲ ಆಂಟಿ," ಎಂದೆ. "ಬಾಯಿ ತೆಗೀರಿ."